ಖರ್ಚಿಲ್ಲದ ವಾರ ಮತ್ತು ಅತ್ತೆಯ ಮಸಾಲೆದೋಸೆ

ಒಂದು ದಿನ ಮನೆಗೆ ಮೂರನೆಯ ತರಕಾರಿ ಹೆಚ್ಚುವ ಯಂತ್ರ ಬಂತು. ಮೊದಲನೆಯದು ಹಗ್ಗ ಎಳೆದರೆ ತಿರುಗುವಂಥದ್ದು. ಎರಡನೆಯದು ಬ್ಯಾಟರಿಯದ್ದು. ಇದು ಮೇಲಿನಿಂದ ಒತ್ತಿದರೆ ಈರುಳ್ಳಿ ಚೌಕ ಚೌಕವಾಗಿ ಬೀಳುವಂಥದ್ದು. ನನ್ನ ಗಂಡ ಪೆಟ್ಟಿಗೆ ಬಿಚ್ಚಿ, ಊಟದ ಮೇಜಿನ ಮೇಲೆ ಅದನ್ನು ಪ್ರತಿಷ್ಠೆ ಮಾಡಿ, ಒಂದು ಈರುಳ್ಳಿ ಇಟ್ಟು ಒತ್ತಿದರು. ಈರುಳ್ಳಿಯಲ್ಲಿ ಅರ್ಧ ಚೌಕವಾಯಿತು, ಉಳಿದರ್ಧ ಯಂತ್ರದ ಹಲ್ಲಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಅವರು ಸ್ಕ್ರೂ ಡ್ರೈವರ್ ತಂದರು. ನಾನು ಮೆಟ್ಟುಕತ್ತಿ ಎಳೆದುಕೊಂಡು ಈರುಳ್ಳಿ ಹೆಚ್ಚಲು ಕೂತೆ.

ನನ್ನ ಗಂಡನಿಗೆ ಕಡಬ ಪೇಟೆಯಲ್ಲಿ ಸಣ್ಣದೊಂದು ರಿಪೇರಿ ಅಂಗಡಿ ಉಂಟು. ಮಿಕ್ಸಿ, ಫ್ಯಾನು, ಪಂಪು, ಇಸ್ತ್ರಿಪೆಟ್ಟಿಗೆ. ಊರಿನವರ ಹಾಳಾದ ಸಾಮಾನು ಸರಿ ಮಾಡಿ ಗಳಿಸಿದ ದುಡ್ಡಿನಲ್ಲಿ ಇನ್ನು ಹಾಳಾಗಬೇಕಾದ ಸಾಮಾನನ್ನು ಮೊಬೈಲಿನಲ್ಲಿ ತರಿಸುವುದು ಅವರ ಹವ್ಯಾಸ. ನಾನು ಕಾಣಿಯೂರಿನ ಕಡೆ ಒಂದು ಶಾಲೆಯಲ್ಲಿ ಟೀಚರು. ನನ್ನದು ಬೇರೆ ಥರದ ಕಾಯಿಲೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಸಹೋದ್ಯೋಗಿ ಸೀರೆ ವ್ಯಾಪಾರವನ್ನೂ ಮಾಡುತ್ತಾರೆ. ಅವರು ಚೀಲ ಬಿಚ್ಚಿದರೆ ನನ್ನ ಕಣ್ಣು ಉತ್ತರ ಪತ್ರಿಕೆಯ ಮೇಲೆ ನಿಲ್ಲುವುದಿಲ್ಲ. ಮಗಳು ಪಿಯುಸಿಯಲ್ಲಿ ಇದ್ದಾಳೆ. ಅವಳ ದುಡ್ಡು ಜ್ಯೂಸು, ಚರುಮುರಿ, ಮುಖಕ್ಕೆ ಹಚ್ಚುವ ಏನೇನೋ ಸಣ್ಣ ಬಾಟಲಿಗಳಿಗೆ ಹೋಗುತ್ತದೆ. ಇನ್ನು ಉಳಿದವರು ನನ್ನ ಅತ್ತೆ. ಅವರಿಗೆ ಖರ್ಚೇ ಇಲ್ಲ ಎಂದು ನಾವು ಮೂವರೂ ನಂಬಿದ್ದೆವು.

ಯಂತ್ರದಿಂದ ಈರುಳ್ಳಿ ಬಿಡಿಸಿ ಆದ ಮೇಲೆ ನನ್ನ ಗಂಡನಿಗೂ ಸ್ವಲ್ಪ ನಾಚಿಕೆಯಾಗಿರಬೇಕು. ಆ ನಾಚಿಕೆಗೆ ಮದ್ದನ್ನೂ ಅವರು ಅದೇ ಮೊಬೈಲಿನಲ್ಲಿ ಹುಡುಕಿದರು. ರಾತ್ರಿ ಊಟಕ್ಕೆ ಕೂತಾಗ ಹೇಳಿದರು: "ಒಬ್ಬಳು ಹುಡುಗಿ ಒಂದು ತಿಂಗಳು ಒಂದು ಪೈಸೆ ಖರ್ಚು ಮಾಡದೆ ಇದ್ಲಂತೆ. ವಿಡಿಯೋ ಮಾಡಿದ್ದಾಳೆ. ನಾವು ಒಂದು ವಾರ ಮಾಡುವನಾ?"

"ಎಂತ ಮಾಡುದು?" ಅತ್ತೆ ಕೇಳಿದರು.

"ಎಂತ ಮಾಡುದೂ ಇಲ್ಲ ಅವ್ವ. ದುಡ್ಡು ಖರ್ಚು ಮಾಡದೆ ಇರುದು."

"ಅದಕ್ಕೆ ವಿಡಿಯೋ ಎಂತಕ್ಕೆ?"

ನಿಯಮಗಳ ಚರ್ಚೆ ಜೋರಾಗಿ ನಡೆಯಿತು. ಹಾಲು, ಮದ್ದು, ಕರೆಂಟು ಬಿಲ್ಲು, ನನ್ನ ಮತ್ತು ಮಗಳ ಬಸ್ಸಿನ ದುಡ್ಡು, ಇಷ್ಟಕ್ಕೆ ಒಪ್ಪಿಗೆ. ಮೀನಿಲ್ಲ, ಬೇಕರಿಯಿಲ್ಲ, ಹೋಟೆಲಿಲ್ಲ, ಮೊಬೈಲಿನಲ್ಲಿ ಏನೂ ತರಿಸುವುದಿಲ್ಲ. ಅಕ್ಕಿ, ಬೇಳೆ ಮನೆಯಲ್ಲಿ ಇದ್ದದ್ದೇ ಸಾಕು. ಮೊಟ್ಟೆ ಅಗತ್ಯವೋ ಅಲ್ಲವೋ ಎಂದು ಮಗಳು ವಿಜ್ಞಾನದ ಪುಸ್ತಕದ ಆಧಾರ ಕೊಟ್ಟು ವಾದಿಸಿ ಸೋತಳು. ಅತ್ತೆ, "ವೀಳ್ಯದೆಲೆ?" ಎಂದು ಕೇಳಿದರು, ನಾವು ಬಾಯಿ ತೆರೆಯುವುದರೊಳಗೆ "ಅದು ಮದ್ದು" ಎಂದು ತಾವೇ ತೀರ್ಪು ಕೊಟ್ಟುಕೊಂಡರು. ಪೆಟ್ರೋಲಿನ ಮಾತು ಎತ್ತಿದ್ದು ನಾನು. ಪೇಟೆ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಗಂಡ ನನ್ನ ಮುಖ ನೋಡಿ, "ಆಗ್ಲಿ, ನಡೆದೇ ಹೋಗ್ತೇನೆ" ಎಂದರು. ಹೇಳಿದ ರೀತಿಯಲ್ಲಿ ಗಡಿಗೆ ಹೊರಟ ಸಿಪಾಯಿಯ ಗಾಂಭೀರ್ಯ ಇತ್ತು.

ಸೋಮವಾರ ಬೆಳಗ್ಗೆ ಅವರು ಬುತ್ತಿ ಹಿಡಿದುಕೊಂಡು ನಡೆದರು. ಸಂಜೆ ಬಂದವರ ಮುಖದಲ್ಲಿ ಹುರುಪಿತ್ತು, ಸ್ವಲ್ಪ ಗೊಂದಲವೂ ಇತ್ತು. ದಾರಿಯಲ್ಲಿ ಸಿಕ್ಕಿದ ಪ್ರತಿಯೊಬ್ಬರೂ ಗಾಡಿ ನಿಲ್ಲಿಸಿ, "ಕೂತ್ಕೊಳ್ಳಿ ಮಾರಾಯ್ರೆ, ಸ್ಕೂಟರ್ ಎಲ್ಲಿ? ಮಾರಿದ್ರಾ?" ಎಂದು ಕೇಳಿದರಂತೆ. ನಡೆಯಲಿಕ್ಕೆ ನಡೆಯುತ್ತಿದ್ದೇನೆ ಎಂದರೆ ಯಾರೂ ನಂಬಲಿಲ್ಲವಂತೆ. ನಮ್ಮ ಕಡೆ ಮನುಷ್ಯ ನಡೆಯಬೇಕಾದರೆ ಒಂದೋ ಸಕ್ಕರೆ ಕಾಯಿಲೆ ಇರಬೇಕು, ಇಲ್ಲವೇ ಗಾಡಿ ಕೆಟ್ಟಿರಬೇಕು. ಗಾಡಿ ರಿಪೇರಿಯವನಲ್ಲದಿದ್ದರೂ ರಿಪೇರಿಯವನ ಗಾಡಿ ಕೆಟ್ಟಿತು ಎಂದರೆ ಮರ್ಯಾದೆಗೆ ಕಮ್ಮಿ. ಹಾಗಾಗಿ ಸಕ್ಕರೆ ಕಾಯಿಲೆ ಎಂದು ಒಪ್ಪಿಕೊಂಡು ಬಂದಿದ್ದರು.

ಊಟದ ವಿಷಯದಲ್ಲಿ ಮೊದಲು ಕಷ್ಟವೇನೂ ಆಗಲಿಲ್ಲ. ಕಪಾಟಿನ ಹಿಂದೆ ಕೈ ಹಾಕಿದರೆ ಹುರುಳಿ ಸಿಕ್ಕಿತು, ಅರ್ಧ ಕಟ್ಟು ರಾಗಿ ಹಿಟ್ಟು ಸಿಕ್ಕಿತು, ಓಟ್ಸಿನ ಪ್ಯಾಕೆಟುಗಳು ಸಾಲಾಗಿ ಸಿಕ್ಕಿದವು. ತೂಕ ಇಳಿಸುವ ನಮ್ಮ ಹಳೆಯ ನಿರ್ಧಾರಗಳೆಲ್ಲ ಅಲ್ಲಿ ಮುಗ್ಗಲು ವಾಸನೆ ಹಿಡಿದು ಕೂತಿದ್ದವು. ಹಿತ್ತಿಲಲ್ಲಿ ಬಸಳೆ ಇತ್ತು, ಪಪ್ಪಾಯಿ ಇತ್ತು. ಬೇಲಿಯ ಆಚೆ ಅಮ್ಮಚ್ಚಿ ಇದ್ದರು. ಅವರ ಮನೆಯವರು ತಲೆಮಾರಿನ ಹಿಂದೆ ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ಇಡೀ ಬೀದಿ ಅವರನ್ನು ಅಮ್ಮಚ್ಚಿ ಎಂದೇ ಕರೆಯುವುದು. ನನ್ನ ಅತ್ತೆ ಅರಂತೋಡಿನ ಕಡೆಯವರು, ಆಡುವುದು ಅರೆಭಾಷೆ. ಅಮ್ಮಚ್ಚಿ ಆಡುವುದು ಮಲಯಾಳ. ಪುತ್ತೂರಿನ ತುಳುವಿನಿಂದ ಬಂದ ನನಗೆ ಇವರಿಬ್ಬರೂ ಬೇಲಿಯ ಹತ್ತಿರ ನಿಂತು ಅಷ್ಟು ಹೊತ್ತು ಏನು ಮಾತಾಡುತ್ತಾರೆ, ಅದರಲ್ಲಿ ಎಷ್ಟು ಒಬ್ಬರದ್ದೊಬ್ಬರಿಗೆ ತಿಳಿಯುತ್ತದೆ ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಅತ್ತೆ ನಮ್ಮ ವಾರದ ವಿಷಯ ಹೇಳಿರಬೇಕು. ಮಂಗಳವಾರ ಅಮ್ಮಚ್ಚಿ ಒಂದು ಬುಟ್ಟಿ ಮರಗೆಣಸು ತಂದು ಮೆಟ್ಟಿಲ ಮೇಲಿಟ್ಟು, ನನ್ನ ಕೈ ಹಿಡಿದು, "ಎಲ್ಲ ಸರಿಯಾಗ್ತದೆ ಮೋಳೆ" ಎಂದರು. ಮೋಳೆ ಎಂದರೆ ಅವರ ಭಾಷೆಯಲ್ಲಿ ಮಗಳೇ.

ಏನು ಸರಿಯಾಗಬೇಕು ಎಂದು ನನಗೆ ಹೊಳೆಯಲಿಲ್ಲ. ಮರಗೆಣಸು ಬೇಯಿಸಿ, ಮೆಣಸಿನ ಚಟ್ನಿ ಮಾಡಿ ತಿಂದೆವು. ಬಹಳ ರುಚಿಯಾಗಿತ್ತು.

ಮರುದಿನ ಮೀನಿನವರ ಹಾರ್ನು ಕೇಳಿಸಿತು. ಅವರು ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ದಿನ ಬಿಟ್ಟು ದಿನ ನಾನು ಬಸ್ಸಿಗೆ ಹೊರಡುವ ಮೊದಲೇ ನಮ್ಮ ಗೇಟಿನ ಹತ್ತಿರ ನಿಲ್ಲುತ್ತಾರೆ. ಸೋಮವಾರ ನಾನು ಒಳಗಿನಿಂದಲೇ ಕೈ ಆಡಿಸಿ ಬೇಡ ಎಂದಿದ್ದೆ. ಆವತ್ತು ಅವರು ಹೋಗಲಿಲ್ಲ, ಬೈಕು ಆಫ್ ಮಾಡಿದರು.

"ಅಕ್ಕ, ಬಂಗುಡೆ ಉಂಟು. ಒಳ್ಳೇದುಂಟು."

"ಈ ವಾರ ಬೇಡ."

"ಎಂತ ಅಕ್ಕ, ವ್ರತವಾ?"

"ಅಲ್ಲ."

"ಕಳೆದ ಸಲದ ಬೂತಾಯಿ ಸರಿ ಇರ್ಲಿಲ್ವಾ?"

"ಅಯ್ಯೋ, ಹಾಗೇನಿಲ್ಲ. ಈ ವಾರ ದುಡ್ಡು ಖರ್ಚು ಮಾಡುದು ಬೇಡ ಅಂತ, ಅಷ್ಟೇ."

ಅವರು ಪೆಟ್ಟಿಗೆಯ ಮುಚ್ಚಳ ತೆಗೆದು ದೊಡ್ಡ ದೊಡ್ಡ ಬಂಗುಡೆಗಳನ್ನೇ ಆರಿಸಿ ಚೀಲಕ್ಕೆ ಹಾಕಿದರು. "ಮತ್ತೆ ಕೊಡಿ ಅಕ್ಕ. ಮನುಷ್ಯ ಅಂದ್ಮೇಲೆ ಕಷ್ಟ ಬರ್ತದೆ, ಹೋಗ್ತದೆ. ಊಟ ಬಿಡ್ಲಿಕ್ಕಾಗ್ತದಾ?"

ನಾನು ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಯಾವ ಮಾಯದಲ್ಲೋ ನನ್ನ ಪಕ್ಕಕ್ಕೆ ಬಂದು ಚೀಲ ಈಸಿಕೊಂಡಾಗಿತ್ತು. ಮಧ್ಯಾಹ್ನದ ಸಾರಿನ ಪರಿಮಳ ಗೇಟಿನವರೆಗೆ ಬಂದಿತ್ತಂತೆ, ಅಮ್ಮಚ್ಚಿ ಆಮೇಲೆ ಹೇಳಿದರು. ರಾತ್ರಿ ಗಂಡ ತಟ್ಟೆ ನೋಡಿ, "ಇದು ನಿಯಮಕ್ಕೆ ವಿರೋಧ ಅಲ್ವಾ?" ಎಂದರು.

"ದುಡ್ಡು ಕೊಡ್ಲಿಲ್ಲ," ಅತ್ತೆ ಹೇಳಿದರು. "ಕೊಡದಿದ್ರೆ ಖರ್ಚು ಎಲ್ಲಿಂದ ಬಂತು?"

ಮಗಳು ಇದು ಸರಿಯಾದ ತರ್ಕ ಎಂದು ಬೆಂಬಲಿಸಿದಳು. ಗಂಡ ಯೋಚಿಸುತ್ತಲೇ ಎರಡನೆಯ ಬಂಗುಡೆಗೆ ಕೈ ಹಾಕಿದರು.

ಶಾಲೆಯಲ್ಲಿ ನನ್ನ ಪರೀಕ್ಷೆಯೂ ಆ ಬುಧವಾರವೇ ಬಂತು. ಸೀರೆಯ ಟೀಚರು ಹೊಸ ಚೀಲ ತಂದಿದ್ದರು. ಅದರಲ್ಲಿ ಕೆಂಪಂಚಿನ ಒಂದು ಬೂದು ಸೀರೆ ಇತ್ತು. ಮುಟ್ಟಿದರೆ ಸೋಲುತ್ತೇನೆ ಎಂದು ಗೊತ್ತಿದ್ದ ಕಾರಣ ನಾನು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. "ನಿಮಗೇ ಅಂತ ತಂದದ್ದು" ಎಂದರು. "ಈ ಸಲ ಬೇಡ" ಎಂದೆ. "ದುಡ್ಡು ನಿಧಾನಕ್ಕೆ ಕೊಡಿ" ಎಂದರು. "ಬೇಡ, ಸದ್ಯಕ್ಕೆ ಖರ್ಚು ನಿಲ್ಲಿಸಿದ್ದೇವೆ" ಎಂದೆ. ಸಂಜೆ ಬಸ್ಸಿನ ಹತ್ತಿರ ಅವರು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: "ತಪ್ಪು ತಿಳ್ಕೊಳ್ಬೇಡಿ. ಮನೆಯವರು ಮೊಬೈಲಿನಲ್ಲಿ ದುಡ್ಡಿಟ್ಟು ಎಂತಾದ್ರೂ ಆಡ್ತಾರಾ?"

ನನಗೆ ಆಗ ಅರ್ಥವಾಯಿತು. ಸ್ಕೂಟರು ಬಿಟ್ಟು ನಡೆಯುವ ಗಂಡ, ಮೀನು ಬೇಡ ಎನ್ನುವ ಹೆಂಡತಿ, ಸೀರೆ ಮುಟ್ಟದ ಟೀಚರು. ಇದನ್ನೆಲ್ಲ ಒಟ್ಟು ಸೇರಿಸಿದರೆ ಊರಿನವರಿಗೆ ಬೇರೆ ಏನು ಕಾಣಬೇಕು? ರಾತ್ರಿ ಗಂಡನಿಗೆ ಹೇಳಿದೆ. ಅವರ ಕಡೆಯಲ್ಲೂ ಅದೇ ಕಥೆ. ನಾವು ಯಾವಾಗಲೂ ಸಾಮಾನು ತರುವ ದಿನಸಿ ಅಂಗಡಿಯವರು ಅವರನ್ನು ದಾರಿಯಲ್ಲಿ ತಡೆದು, ಮೊದಲು "ದೊಡ್ಡ ಸೂಪರ್ ಮಾರ್ಕೆಟಿಗೆ ಹೋಗ್ಲಿಕ್ಕೆ ಸುರು ಮಾಡಿದ್ದೀರಾ?" ಎಂದು ಮುನಿಸಿನಲ್ಲಿ ಕೇಳಿದ್ದರು. ಇಲ್ಲವೆಂದು ತಿಳಿದ ಮೇಲೆ ಮುನಿಸು ಹೋಗಿ ಕನಿಕರ ಬಂದಿತ್ತು. ಅದು ಹೆಚ್ಚು ಕಷ್ಟದ್ದು.

"ನಿಲ್ಲಿಸುವನಾ?" ಎಂದು ಕೇಳಿದೆ.

"ಈಗ ನಿಲ್ಲಿಸಿದ್ರೆ ಎಂತ ಹೇಳ್ತಾರೆ? ಎಲ್ಲಿಂದಲೋ ಸಾಲ ಸಿಕ್ಕಿತು ಅಂತ ಹೇಳ್ತಾರೆ" ಎಂದರು.

ಅದೂ ಸರಿಯೇ.

ಆವತ್ತು ಊಟ ಮುಗಿಯುವ ಹೊತ್ತಿಗೆ ಅವರು ತಮ್ಮ ಹುರುಪು ಉಳಿಸಿಕೊಳ್ಳಲು ಅತ್ತೆಯ ಮೊರೆ ಹೋದರು. ಮಗಳು ಬಂಗುಡೆ ಮುಗಿದ ತಟ್ಟೆಯಲ್ಲಿ ಬೆರಳಾಡಿಸುತ್ತ, ನಾಳೆ ಮತ್ತೆ ಹುರುಳಿ ಸಾರು ಎಂದು ಮುಖ ಉದ್ದ ಮಾಡಿ ಕೂತಿದ್ದಳು. "ಅವ್ವ, ನೀನು ಆಗೆಲ್ಲ ಹೇಗೆ ಖರ್ಚಿಲ್ಲದೆ ಸಂಸಾರ ಮಾಡಿದೆ, ಇವಳಿಗೆ ಸ್ವಲ್ಪ ಹೇಳು" ಎಂದರು. ತ್ಯಾಗದ, ಮಿತವ್ಯಯದ ದೊಡ್ಡ ಉಪನ್ಯಾಸವೊಂದು ಬರುತ್ತದೆ ಎಂದು ನಾನೂ ಕಾದೆ.

"ಎಂತ ಹೇಳುದು?" ಅತ್ತೆ ಮಜ್ಜಿಗೆ ಬಡಿಸಿಕೊಂಡರು. "ದುಡ್ಡು ಇರ್ಲಿಲ್ಲ, ಖರ್ಚು ಮಾಡ್ಲಿಲ್ಲ. ಇದ್ದಿದ್ರೆ ಮಾಡ್ತಿದ್ದೆ."

ಉಪನ್ಯಾಸ ಅಷ್ಟಕ್ಕೇ ಮುಗಿಯಿತು.

ಮರುದಿನ ಗುರುವಾರ. ನನ್ನ ಗಂಡನಿಗೆ ಬೆಳಗ್ಗೆ ಹತ್ತೂವರೆಗೆ ಹೋಟೆಲಿನ ಒಂದು ಚಾ ಬೇಕು, ಅದರ ಜೊತೆಗೆ ಎರಡು ಗೋಳಿಬಜೆಯೂ ಬೇಕು. ಅದಿಲ್ಲದೆ ಸೋಮವಾರದಿಂದ ಅವರು ಮಿಕ್ಸಿಗಳ ಮೇಲೆ ಸಿಟ್ಟು ತೀರಿಸುತ್ತಿದ್ದರು. ಗುರುವಾರ ಗಿರಾಕಿಯೊಬ್ಬರ ಮನೆಗೆ ಪಂಪು ನೋಡಲು ಹೊರಟವರು, ದಾರಿ ಅದೇ ಆದ ಕಾರಣ ಹೋಟೆಲಿನ ಎದುರಿಗೇ ಹಾದುಹೋಗಬೇಕಾಯಿತು. ದಾರಿ ಅದೇ ಆಗಿತ್ತೋ ಅಥವಾ ಕಾಲು ತಾನಾಗಿ ಆ ಕಡೆ ಹೋಯಿತೋ, ಆ ತನಿಖೆ ನಾನು ಮಾಡಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಇಬ್ಬರು ಹೆಂಗಸರು ಬೆನ್ನು ಹಾಕಿ ಕೂತಿದ್ದರು. ಒಬ್ಬರದ್ದು ಬಿಳಿ ಮುಂಡು, ಒಬ್ಬರದ್ದು ನೀಲಿ ನೂಲಿನ ಸೀರೆ. ಆ ನೀಲಿ ಸೀರೆಯನ್ನು ಅವರೇ ಎರಡು ವರ್ಷದ ಹಿಂದೆ ತಂದುಕೊಟ್ಟಿದ್ದರು.

ನನ್ನ ಅತ್ತೆ ಮಸಾಲೆದೋಸೆ ತಿನ್ನುತ್ತಿದ್ದರು. ಪಕ್ಕದಲ್ಲಿ ಅಮ್ಮಚ್ಚಿ ಅದನ್ನೇ ತಿನ್ನುತ್ತಿದ್ದರು. ಮೇಜಿನ ಮೇಲೆ ಎರಡು ಕಾಫಿ ಬೇರೆ.

ಅಮ್ಮಚ್ಚಿ ಗುರುವಾರ ಗುರುವಾರ ಬಿ.ಪಿ. ನೋಡಿಸಲು ಆಟೋದಲ್ಲಿ ಪೇಟೆಗೆ ಹೋಗುತ್ತಾರೆ, ಜೊತೆಗೆ ಒಬ್ಬರು ಇರಲಿ ಎಂದು ಅತ್ತೆಯೂ ಹೋಗುತ್ತಾರೆ ಎಂಬುದು ನಮಗೆ ಗೊತ್ತಿತ್ತು. ಬಿ.ಪಿ. ನೋಡಿಸಲು ಐದು ನಿಮಿಷ ಸಾಕು, ಇವರು ಮಧ್ಯಾಹ್ನದ ಹೊತ್ತಿಗೆ ಯಾಕೆ ಬರುತ್ತಾರೆ ಎಂದು ಯಾರೂ ಯೋಚಿಸಿರಲಿಲ್ಲ.

ಗಂಡ ರಸ್ತೆಯಲ್ಲೇ ನಿಂತರು. ಅತ್ತೆ ತಿರುಗಿ ನೋಡಿದರು. ಸಿಕ್ಕಿಬಿದ್ದ ಲಕ್ಷಣ ಒಂದೂ ಆ ಮುಖದಲ್ಲಿ ಇರಲಿಲ್ಲವಂತೆ. ಕೈ ಮಾಡಿ ಕರೆದರು. ಇವರು ಒಳಗೆ ಹೋಗಿ ನಿಂತರು.

"ಅವ್ವ, ಎಂತ ಇದು?"

"ದೋಸೆ. ಕೂತ್ಕೋ. ನೋಡು ಮುಖ ಎಷ್ಟು ಬಾಡಿದೆ ನಿಂದು" ಎಂದು ಹೇಳಿ, ಸಪ್ಲಾಯರಿಗೆ ಇನ್ನೊಂದು ದೋಸೆ ಹೇಳಿದರು.

ಅವರು ಕೂತರು, ತಿಂದರು. ಚಾ ಕುಡಿದರು. ದುಡ್ಡು ಕೊಟ್ಟದ್ದು ಅತ್ತೆ, ಸರ್ಕಾರದಿಂದ ಬರುವ ಅವರ ಪೆನ್ಶನಿನಿಂದ. ಸಂಜೆ ಇದನ್ನೆಲ್ಲ ನನಗೆ ಹೇಳುವಾಗ ಗಂಡನ ದನಿಯಲ್ಲಿ ದೂರು ಎಷ್ಟಿತ್ತೋ ತೃಪ್ತಿಯೂ ಅಷ್ಟೇ ಇತ್ತು. ಅತ್ತೆ ಜಗಲಿಯಲ್ಲಿ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. ನಾವು ನಗುತ್ತಿದ್ದೆವು. ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ನೀನು ಸಣ್ಣ ಇರುವಾಗ ನಿನಗೆ ಕಿವಿ ಸೋರ್ತಿತ್ತು," ಎಂದು ಮಗನಿಗೆ ಹೇಳಿದರು. "ನಾನೂ ನಿನ್ನ ಅಪ್ಪನೂ ನಿನ್ನನ್ನು ಸುಳ್ಯಕ್ಕೆ ಡಾಕ್ಟ್ರ ಹತ್ರ ಕರ್ಕೊಂಡು ಹೋದೆವು. ಬಸ್ಸಿಗೆ ಹೊತ್ತಿತ್ತು. ಹೋಟೆಲಿಗೆ ಹೋಗಿ ನಿನಗೊಂದು ಬನ್ನು, ನಮಗೆ ಇಬ್ಬರಿಗೆ ಒಂದು ಚಾ ತಕ್ಕೊಂಡೆವು. ಪಕ್ಕದ ಮೇಜಿನಲ್ಲಿ ಒಬ್ಬ ಮಸಾಲೆದೋಸೆ ತಿಂತಾ ಇದ್ದ. ಅರ್ಧ ತಿಂದು, ಉಳಿದದ್ದು ಬಿಟ್ಟು, ಕೈ ತೊಳ್ಕೊಂಡು ಹೋದ. ನಾನು ಆ ಅರ್ಧ ದೋಸೆಯನ್ನೇ ನೋಡ್ತಾ ಕೂತೆ. ನಿನ್ನ ಅಪ್ಪ ನಾನು ನೋಡುದನ್ನು ನೋಡಿದ್ರು. ಬಸ್ಸಿನಲ್ಲಿ ಅರಂತೋಡಿನವರೆಗೆ ಇಬ್ಬರೂ ಮಾತಾಡ್ಲಿಲ್ಲ."

ಅವರು ಎಲೆಗೆ ಸುಣ್ಣ ಹಚ್ಚಿದರು.

"ನೀವು ಮಾಡುದು ಒಳ್ಳೇದೇ. ಬೇಡದ್ದು ತರಿಸ್ತೀರಿ, ಅದು ನಿಲ್ಲಲಿ. ಆದರೆ ನಿಮ್ಮದು ಆಟ. ನನ್ನನ್ನು ಅದಕ್ಕೆ ಸೇರಿಸ್ಬೇಡಿ. ನಾನು ಅದನ್ನು ಆಟ ಅಲ್ಲದೆ ಆಡಿ ಆಗಿದೆ."

ಮಗಳು ಮೊಬೈಲು ಕೆಳಗಿಟ್ಟು ಅಜ್ಜಿಯ ಹತ್ತಿರ ಸರಿದು ಕೂತಳು. ನನ್ನ ಗಂಡ, "ಇನ್ನು ಗುರುವಾರ ನಾನೇ ನಿಮ್ಮಿಬ್ಬರನ್ನು ಹೋಟೆಲಿಗೆ ಬಿಟ್ಟು ಬರ್ತೇನೆ ಅವ್ವ" ಎಂದರು.

"ಬೇಡ," ಅತ್ತೆ ಹೇಳಿದರು. "ಆಟೋದಲ್ಲೇ ಸುಖ. ನೀನು ಬಂದ್ರೆ ನಾವು ಎಂತ ಮಾತಾಡುದು?"

ಅಲ್ಲಿಗೆ ಅತ್ತೆ ಅಧಿಕೃತವಾಗಿ ಆಟದಿಂದ ಹೊರಗೆ ಹೋದರು. ನಾವು ಮೂವರು ಮುಂದುವರಿಸಿದೆವು. ಶುಕ್ರವಾರ ಮನೆಯ ಮಿಕ್ಸಿ ನಿಂತಿತು. ರಿಪೇರಿಯವರ ಮನೆಯ ಮಿಕ್ಸಿಯಂಥ ಅನಾಥ ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ಬೇರೆ ವಾರವಾಗಿದ್ದರೆ ಹೊಸದು ತರಿಸೋಣ ಎನ್ನುತ್ತಿದ್ದರು. ಈಗ ಬೇರೆ ದಾರಿಯಿಲ್ಲದೆ ಅಂಗಡಿಗೆ ಒಯ್ದು, ಗಿರಾಕಿಯ ಹಾಗೆ ತಾವೇ ಸರತಿಯಲ್ಲಿಟ್ಟು, ಶನಿವಾರ ಸರಿ ಮಾಡಿ ತಂದರು. ಮಗಳು ಎರಡು ದಿನ ಜ್ಯೂಸಿನ ಬದಲು ಮನೆಯಿಂದ ಪುನರ್ಪುಳಿ ಶರಬತ್ತು ಒಯ್ದಳು. ಅವಳ ಗೆಳತಿಯರೇ ಅದನ್ನು ಕುಡಿದು ಮುಗಿಸಿದರಂತೆ. ಇನ್ನೊಂದು ದಿನ ಕಳೆದರೆ ಗೆದ್ದ ಹಾಗೆ ಎಂದುಕೊಂಡು ಶನಿವಾರ ಮಲಗಿದೆವು.

ಭಾನುವಾರ ಬೆಳಗ್ಗೆ ನಾವು ರಾಗಿ ಗಂಜಿಯ ಮುಂದೆ ಕೂತಿರುವಾಗ ಗೇಟಿನ ಹತ್ತಿರ ಜೀಪು ಬಂದು ನಿಂತಿತು. ಅತ್ತೆಯ ತಮ್ಮ, ನನ್ನ ಗಂಡನ ಮಾವ. ಕೊಲ್ಲಮೊಗ್ರಿನಲ್ಲಿ ಕಾಡಿನ ಅಂಚಿಗೆ ತೋಟ ಮಾಡಿಕೊಂಡಿರುವವರು, ಹೇಳದೆ ಕೇಳದೆ ಬರುವವರಲ್ಲ. ಮಾವನ ಹಿಂದೆ ಅವರ ಹೆಂಡತಿ ಇಳಿದರು. ಅವರ ಹಿಂದೆ ಅಕ್ಕಿಯ ಮೂಟೆ ಇಳಿಯಿತು, ತೆಂಗಿನಕಾಯಿ ಇಳಿಯಿತು, ಕದಳಿ ಬಾಳೆಯ ಗೊನೆ ಇಳಿಯಿತು, ಜೇನಿನ ಬಾಟಲಿ ಇಳಿಯಿತು, ಕೊನೆಗೆ ಕಾಲು ಕಟ್ಟಿದ ಒಂದು ಊರಿನ ಕೋಳಿ ಇಳಿಯಿತು. ಮಾವನ ಹೆಂಡತಿ ನನ್ನನ್ನು ಅಪ್ಪಿಕೊಂಡು ಬೆನ್ನು ಸವರಿದರು. ನಮ್ಮಲ್ಲಿ ಅಪ್ಪಿಕೊಳ್ಳುವುದು ಸಾವಿನ ಮನೆಯಲ್ಲಿ ಮಾತ್ರ.

ಮಾವ ಗಂಜಿಯ ಬಟ್ಟಲುಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. ನನ್ನ ಗಂಡನ ಭುಜ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದರು. ನಾನು ಅಡುಗೆಮನೆಯ ಕಿಟಕಿ ಮುಚ್ಚಲು ಹೋದವಳು, ಮುಚ್ಚಲಿಲ್ಲ.

"ಎಷ್ಟು ಹೇಳು."

"ಎಂತ ಎಷ್ಟು ಮಾವ?"

"ಸಾಲ. ಹೆದರ್ಬೇಡ. ಮೊಬೈಲಿನಲ್ಲಿ ರಮ್ಮಿ ಆಡಿದ್ದಾ? ನಮ್ಮ ಅಲ್ಲಿ ಒಬ್ಬ ಅದರಲ್ಲೇ ತೋಟ ಅರ್ಧ ಕಳ್ಕೊಂಡ."

"ಅಯ್ಯೋ ಇಲ್ಲ ಮಾವ! ಯಾರು ಹೇಳಿದ್ದು?"

"ಅಕ್ಕ ಫೋನ್ ಮಾಡಿದ್ಲು. ಅಂಗಡಿಗೆ ಹೋಗ್ಲಿಕ್ಕಿಲ್ಲ, ಮೀನು ತರ್ಲಿಕ್ಕಿಲ್ಲ, ಮಗ ಕೆಲಸಕ್ಕೆ ನಡ್ಕೊಂಡು ಹೋಗ್ತಾನೆ ಅಂತ ಹೇಳಿದ್ಲು."

ಒಂದು ಅಕ್ಷರವೂ ಸುಳ್ಳಲ್ಲ. ನಾನು ತಿರುಗಿ ಅತ್ತೆಯ ಕಡೆ ನೋಡಿದೆ. ಅವರು ಕೋಳಿಯ ಕಾಲಿನ ಹಗ್ಗ ಬಿಚ್ಚುವುದರಲ್ಲಿ ಮಗ್ನರಾಗಿದ್ದರು.

"ನಾವು ಬೇಕಂತಲೇ ಖರ್ಚು ಮಾಡ್ತಾ ಇಲ್ಲ ಮಾವ. ಒಂದು ಚಾಲೆಂಜ್."

"ಯಾರು ಹಾಕಿದ್ದು ಚಾಲೆಂಜು?"

"ನಾನೇ."

"ಯಾರಿಗೆ?"

"ನನಗೇ."

ಮಾವನ ದನಿ ಮೊದಲಿಗಿಂತ ಮೃದುವಾಯಿತು: "ಡಾಕ್ಟ್ರಿಗೆ ತೋರಿಸಿದ್ಯಾ?"

ನನಗೆ ನಗು ತಡೆಯಲಿಲ್ಲ. ಅವರಿಗೂ ಕೇಳಿಸಿರಬೇಕು. ಮೊದಲು ಗಂಡ ನಕ್ಕರು, ಆಮೇಲೆ ಮಾವ ಅನುಮಾನದಲ್ಲೇ ನಕ್ಕರು. ಜೇಬಿನಿಂದ ತೆಗೆದ ನೋಟಿನ ಕಟ್ಟನ್ನು ಅವರು ಪೂರ್ತಿ ಒಳಗೆ ಹಾಕಿದ್ದು ಮಾತ್ರ ಮಧ್ಯಾಹ್ನದ ಊಟದ ನಂತರವೇ. ಅಷ್ಟು ದೂರದಿಂದ, ತೋಟದ ಕೆಲಸ ಬಿಟ್ಟು, ಮರ್ಯಾದೆಗೆ ಕುಂದು ಬಾರದ ಹಾಗೆ ಹಿತ್ತಿಲಿಗೆ ಕರೆದು ಕೇಳಿದರಲ್ಲ ಎಂದು ಗಂಡ ಆಮೇಲೆ ಎರಡು ಮೂರು ಸಲ ಹೇಳಿದರು. ಆಗ ಅವರು ನಗಲಿಲ್ಲ.

ಕೋಳಿ ಬಂದ ಮೇಲೆ ಸಾರು ಆಗಬೇಕು. ಮಸಾಲೆಗೆ ನೋಡಿದರೆ ಕೊತ್ತಂಬರಿ ಮುಗಿದಿತ್ತು, ಬೆಳ್ಳುಳ್ಳಿ ಒಂದೆರಡು ಎಸಳು ಉಳಿದಿತ್ತು. ವಾರವಿಡೀ ನಾನು ಇದ್ದದ್ದರಲ್ಲೇ ಸುಧಾರಿಸಿದ್ದೆ. ನೆಂಟರ ಎದುರು ಹೇಗೆ ಸುಧಾರಿಸುವುದು? ನಾನು ಗಂಡನ ಮುಖ ನೋಡಿದೆ. ಅವರು ಸ್ಕೂಟರಿನ ಕೀ ತೆಗೆದುಕೊಂಡರು. ಸಂಜೆಯವರೆಗೆ ತಡೆದಿದ್ದರೆ ವಾರ ತುಂಬುತ್ತಿತ್ತು.

ಅವರು ವಾಪಸು ಬಂದಾಗ ಎರಡು ದೊಡ್ಡ ಚೀಲ ಇತ್ತು. ಕೊತ್ತಂಬರಿ, ಬೆಳ್ಳುಳ್ಳಿಯ ಜೊತೆಗೆ ತುಪ್ಪ, ಗೋಡಂಬಿ, ದ್ರಾಕ್ಷಿ, ಶ್ಯಾವಿಗೆ, ಎರಡು ಬಗೆಯ ಬಿಸ್ಕತ್ತು, ಒಂದು ಪ್ಯಾಕೆಟು ಬಾದಾಮಿ. ನಮ್ಮ ಮನೆಯಲ್ಲಿ ಬಾದಾಮಿ ತಿನ್ನುವವರು ಯಾರೂ ಇಲ್ಲ.

"ಇದೆಲ್ಲ ಎಂತಕ್ಕೆ?"

"ಅಂಗಡಿಯವರು ದುಡ್ಡು ಬೇಡ ಅಂತ ಹೇಳಿದ್ರು. ನೆಂಟರ ಜೀಪು ನೋಡಿದೆ, ಸುಧಾರಿಸಿ ಮತ್ತೆ ಕೊಡಿ ಅಂತ ಹೇಳಿದ್ರು. ಇನ್ನೂ ನಾಲ್ಕು ಜನ ಇದ್ರು ಅಲ್ಲಿ." ಅವರು ಚೀಲ ಕೆಳಗಿಟ್ಟರು. "ನಂಗೆ ದುಡ್ಡುಂಟು ಅಂತ ತೋರಿಸ್ಬೇಕಿತ್ತಲ್ಲ."

ಕೋಳಿ ಸಾರು, ಅಕ್ಕಿ ರೊಟ್ಟಿ, ಶ್ಯಾವಿಗೆ ಪಾಯಸ ಆಯಿತು. ಅಮ್ಮಚ್ಚಿಯನ್ನೂ ಕರೆದೆವು. ನಮ್ಮ ಮನೆಗೆ ಒಳ್ಳೆಯ ದಿನ ಬಂತು ಎಂದು ಅವರು ಪಾಯಸ ಕುಡಿಯುವ ಮೊದಲು ಶಿಲುಬೆಯ ಗುರುತು ಮಾಡಿಕೊಂಡರು. ಊಟವಾದ ಮೇಲೆ ಪಾತ್ರೆ ತೊಳೆಯುವ ಜಾಗದಲ್ಲಿ ಮಾವನ ಹೆಂಡತಿ ನನ್ನ ಪಕ್ಕ ನಿಂತು, ಸುತ್ತ ನೋಡಿ, ದನಿ ತಗ್ಗಿಸಿದರು.

"ಅದು ಹೇಗೆ ಮಾಡುದು? ನಂಗೆ ಸ್ವಲ್ಪ ಸರಿಯಾಗಿ ಹೇಳು. ಇವರು ಹುಲ್ಲು ಕೊಯ್ಯುವ ಮಿಷಿನು ಮೂರು ತಕ್ಕೊಂಡಿದ್ದಾರೆ. ಈಗ ಮರ ಹತ್ತುವ ಮಿಷಿನು ನೋಡ್ತಾ ಇದ್ದಾರೆ. ಇವರ ಸೊಂಟದಲ್ಲಿ ಮರ ಹತ್ತುವ ಶಕ್ತಿ ಎಲ್ಲಿ ಉಂಟು?"

ನಾನು ನಿಯಮಗಳನ್ನೆಲ್ಲ ಹೇಳಿಕೊಟ್ಟೆ. ಹಾಲು, ಮದ್ದು, ಕರೆಂಟು. ಅವರು ಬೂದಿ ಹಚ್ಚಿದ ಕೈಯನ್ನು ಹಾಗೇ ಹಿಡಿದುಕೊಂಡು, ಮಂತ್ರ ಕಲಿಯುವವರ ಹಾಗೆ ತುಟಿ ಆಡಿಸುತ್ತ ಕೇಳಿಸಿಕೊಂಡರು.

ನಮ್ಮ ವಾರದಿಂದ ಉಳಿದದ್ದು ಎಷ್ಟು ಎಂದು ಕೇಳಿದರೆ, ಬಾದಾಮಿಯನ್ನು ಕಳೆದರೆ ಹೆಚ್ಚೇನಿಲ್ಲ. ಮೀನಿನವರಿಗೆ ಮರುವಾರ ಬಂದ ಕೂಡಲೇ ದುಡ್ಡು ಕೊಟ್ಟೆ, ಅವರು "ಅವಸರ ಎಂತಕ್ಕೆ ಅಕ್ಕ" ಎಂದು ಅಂದರೂ ಬಿಡಲಿಲ್ಲ. ಸೀರೆಯ ಟೀಚರ ಕನಿಕರ ತಡೆಯಲಾರದೆ ಬೂದು ಸೀರೆಯನ್ನೂ ತೆಗೆದುಕೊಂಡೆ. ಇದಕ್ಕೆ ಮರ್ಯಾದೆಯ ಪ್ರಶ್ನೆಯೇ ಕಾರಣ, ಬೇರೇನಲ್ಲ. ಆದರೆ ಗಂಡ ಮೊಬೈಲಿನಿಂದ ಸಾಮಾನು ತರಿಸುವ ಅಂಗಡಿಯ ಆ್ಯಪನ್ನು ತೆಗೆದುಹಾಕಿದರು, ಇವತ್ತಿನವರೆಗೆ ವಾಪಸು ಹಾಕಿಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಈಗಲೂ ನಡೆದೇ ಹೋಗುತ್ತಾರೆ. ಯಾರಾದರೂ ಕೇಳಿದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ.

ಮುಂದಿನ ತಿಂಗಳು ಒಂದು ರಜೆಯ ದಿನ, ನಾವು ಇನ್ನೇನು ಊಟಕ್ಕೆ ಕೂರಬೇಕು ಎನ್ನುವಾಗ, ಕೊಲ್ಲಮೊಗ್ರಿನ ಮಾವ ಗೇಟು ತೆಗೆದು ಒಳಗೆ ಬಂದರು. ಜೀಪಿಲ್ಲ. ಬಸ್ಸಿನಲ್ಲಿ ಬಂದಿದ್ದರು, ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. "ಸುಮ್ಮನೆ ನೋಡಿ ಹೋಗುವ ಅಂತ ಬಂದೆ" ಎಂದರು. ಕೈಕಾಲು ತೊಳೆದು ಬಂದು ಕೂತು, ಬೂತಾಯಿ ಮೀನಿನ ಪುಳಿಮುಂಚಿ ಸಾರಿನ ಪಾತ್ರೆಯನ್ನು ನೋಡಿ ಅವರ ಮುಖದಲ್ಲಿ ಬಂದ ಕಳೆಯನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ.

"ಜೀಪು ಎಂತ ಆಯ್ತು ಮಾವ?" ಗಂಡ ಕೇಳಿದರು.

"ಜೀಪಿಗೆ ಎಂತ ಆಗ್ಲಿಲ್ಲ. ಡೀಸೆಲ್ ಹಾಕುವ ಹಾಗಿಲ್ಲ ಅಂತ ನಮ್ಮವಳು ಹೇಳಿದ್ದಾಳೆ, ಒಂದು ವಾರ." ಅವರು ಅನ್ನಕ್ಕೆ ಗುಂಡಿ ಮಾಡಿದರು. "ಮೀನೂ ಇಲ್ಲ. ಹಾಕು ಮಾರಾಯ್ತಿ, ಇನ್ನೂ ಎರಡು ಹಾಕು."

ನಾನು ಹಾಕಿದೆ.